ಬಿಸಿಲಿದ್ದರೂ ಸೋಲಾರ್ ಆಫ್ ಆಗುವುದೇಕೆ? ಮೈಕ್ರೋಗ್ರಿಡ್‌ಗೆ ಸಹಿ ಹಾಕುವ ಮುನ್ನ ಕೇಳಬೇಕಾದ್ದು

ಪ್ರಶ್ನೆ: ನಮ್ಮದು 48 ಮನೆಗಳ ವಸತಿ ಸಮುಚ್ಚಯ. ಚಾವಣಿಯಲ್ಲಿ ತಲಾ 20 ಕಿಲೋವ್ಯಾಟ್‌ನ ಎರಡು ಇನ್ವರ್ಟರ್ ಇರುವ 40 ಕಿಲೋವ್ಯಾಟ್ ಸೋಲಾರ್, ಕೆಳಗೆ 60 ಕೆವಿಎ ಡೀಸೆಲ್ ಜನರೇಟರ್ ಇದೆ. ನಡುಮಧ್ಯಾಹ್ನ ಕರೆಂಟ್ ಹೋದರೆ ಸೋಲಾರ್ ಕೂಡ ಜೊತೆಗೇ ನಿಲ್ಲುತ್ತದೆ, ಬಿಸಿಲಿನಲ್ಲೇ ಡೀಸೆಲ್ ಸುಡಬೇಕು. ಈಗ ಒಬ್ಬ ಗುತ್ತಿಗೆದಾರರು 30 ಕೆವಿಎ ಹೈಬ್ರಿಡ್ ಇನ್ವರ್ಟರ್, 60 ಕಿಲೋವ್ಯಾಟ್ ಅವರ್ ಬ್ಯಾಟರಿ ಹಾಕಿ ‘ಇಡೀ ಸಮುಚ್ಚಯವನ್ನು ಮೈಕ್ರೋಗ್ರಿಡ್ ಮಾಡಿಕೊಡುತ್ತೇನೆ, ಕರೆಂಟ್ ಹೋಗಿದ್ದೇ ತಿಳಿಯುವುದಿಲ್ಲ’ ಎನ್ನುತ್ತಿದ್ದಾರೆ. ಸಭೆಯಲ್ಲಿ ಒಬ್ಬರು, ಅಷ್ಟೆಲ್ಲ ಯಾಕೆ, ಜನರೇಟರ್ ಓಡುವಾಗ ಸೋಲಾರ್ ತಾನಾಗಿಯೇ ಏಳುತ್ತದೆ ಎಂದರು. ಇನ್ನೊಬ್ಬರು, ನಮ್ಮ ಕರೆಂಟ್ ಹೊರಗೆ ಹರಿದು ಲೈನ್‌ಮನ್‌ಗೆ ಹೊಡೆದರೆ ಹೊಣೆ ಯಾರು ಎಂದರು. ಹೊರಗಿನ ಕರೆಂಟ್ ವಾಪಸ್ ಬಂದಾಗ ಎರಡೂ ಡಿಕ್ಕಿ ಹೊಡೆಯುವುದಿಲ್ಲವೇ ಎಂಬುದು ನನ್ನ ಭಯ. ಏನು ಮಾಡುವುದು?

ಉತ್ತರ: ಮೈಕ್ರೋಗ್ರಿಡ್ ಎಂದರೆ ಹೊರಗಿನ ವಿದ್ಯುತ್ ಜಾಲದಿಂದ (ಗ್ರಿಡ್) ಕಳಚಿಕೊಂಡು ಸ್ವಂತವಾಗಿಯೂ ನಡೆಯಬಲ್ಲ ಸಣ್ಣ ಜಾಲ. ನಿಮ್ಮ ಪತ್ರದಲ್ಲಿ ಮೂರು ಚಿಂತೆಗಳು ಹೆಣೆದುಕೊಂಡಿವೆ. ಗ್ರಿಡ್‌ನಿಂದ ಕಳಚಿಕೊಳ್ಳುವುದು ಹೇಗೆ, ಕಳಚಿಕೊಂಡ ಮೇಲೆ ಸ್ವಂತ ಕಾಲ ಮೇಲೆ ನಿಲ್ಲುವುದು ಹೇಗೆ, ಮತ್ತೆ ಸೇರುವುದು ಹೇಗೆ. ಕೊಟೇಶನ್‌ನಲ್ಲಿ ಬ್ಯಾಟರಿ, ಇನ್ವರ್ಟರ್‌ಗಳ ವಿವರ ಪುಟಗಟ್ಟಲೆ ಇರುತ್ತದೆ. ಈ ಮೂರರ ಬಗ್ಗೆ ಎರಡು ಸಾಲು ಇದ್ದರೆ ಹೆಚ್ಚು. ಇಂಥ ಕೆಲಸಗಳು ಕೆಡುವುದು ಮಾತ್ರ ಆ ಎರಡು ಸಾಲಿನಲ್ಲೇ.

ಬಿಸಿಲಿದ್ದೂ ಸೋಲಾರ್ ನಿಲ್ಲುವುದು ದೋಷವಲ್ಲ, ಅದನ್ನು ಹಾಗೆಂದೇ ಮಾಡಿರುತ್ತಾರೆ. ಚಾವಣಿ ಸೋಲಾರ್‌ನ ಸಾಮಾನ್ಯ ಇನ್ವರ್ಟರ್‌ಗೆ ಸ್ವಂತ ತಾಳವಿಲ್ಲ. ಗ್ರಿಡ್‌ನ ವೋಲ್ಟೇಜ್ ಅಲೆ ಸೆಕೆಂಡಿಗೆ 50 ಸಲ (ಕೆಲವೆಡೆ 60) ಏರಿಳಿಯುತ್ತದಲ್ಲ, ಅದನ್ನು ಅಳೆಯುತ್ತಾ ಅದಕ್ಕೆ ಹೆಜ್ಜೆ ಸೇರಿಸಿ ಕರೆಂಟ್ ತಳ್ಳುವುದಷ್ಟೇ ಅದರ ಕೆಲಸ. ಇಂಥದ್ದನ್ನು ಗ್ರಿಡ್ ಹಿಂಬಾಲಿಸುವ ಇನ್ವರ್ಟರ್ ಎನ್ನುತ್ತಾರೆ. ತಾಳ ಹಾಕುವವರು ಎದ್ದುಹೋದರೆ ಅದು ನಿಲ್ಲಲೇಬೇಕು. ಇಂಥವನ್ನು ಗ್ರಿಡ್‌ಗೆ ಜೋಡಿಸುವ ಬಗೆಗಿನ ಐಇಇಇ 1547 ಮಾನದಂಡದ ಪ್ರಕಾರ, ಗ್ರಿಡ್ ಹೋಗಿ ತಾನೊಂದೇ ಉಳಿದಿದ್ದೇನೆಂದು ಕಂಡುಕೊಂಡು 2 ಸೆಕೆಂಡಿನೊಳಗೆ ಕರೆಂಟ್ ಕೊಡುವುದನ್ನು ಬಿಡಬೇಕು.

ಕಾರಣ ನಿಮ್ಮ ಸಭೆಯಲ್ಲಿ ಎದ್ದ ಎರಡನೆಯ ಮಾತೇ, ಲೈನ್‌ಮನ್. ಬೀದಿಯ ಟ್ರಾನ್ಸ್‌ಫಾರ್ಮರ್‌ಗೆ ಮೇಲು ಕೆಳಗು ಎಂಬ ಭೇದವಿಲ್ಲ. ಸಾವಿರಾರು ವೋಲ್ಟನ್ನು 400 ವೋಲ್ಟ್‌ಗೆ ಇಳಿಸುವ ಅದೇ ಯಂತ್ರಕ್ಕೆ ಕೆಳಗಿನಿಂದ 400 ವೋಲ್ಟ್ ಕೊಟ್ಟರೆ ಮೇಲುಗಡೆ ಸಾವಿರಾರು ವೋಲ್ಟ್ ಎಬ್ಬಿಸುತ್ತದೆ. ಸತ್ತಿದೆ ಎಂದುಕೊಂಡ ತಂತಿ ಜೀವಂತವಾಗುತ್ತದೆ. ಆದ್ದರಿಂದ ಆ ಭಯ ಸುಳ್ಳಲ್ಲ. ಆದರೆ ಅದಕ್ಕೆ ಕಾರಣವಾಗುವುದು ಮೈಕ್ರೋಗ್ರಿಡ್ ಅಲ್ಲ, ಹೊರಗಿನ ಲೈನ್ ಕಡಿಯದೆಯೇ ಒಳಗೆ ಕರೆಂಟ್ ಹುಟ್ಟಿಸುವುದು. ಸರಿಯಾದ ಮೈಕ್ರೋಗ್ರಿಡ್‌ನಲ್ಲಿ ಗ್ರಿಡ್ ಸೇರುವ ಜಾಗದಲ್ಲಿ ಒಂದು ಬ್ರೇಕರ್ ಇರುತ್ತದೆ. ವೋಲ್ಟೇಜ್ ಕುಸಿತ, ಫ್ರೀಕ್ವೆನ್ಸಿ (ಅಲೆ ಸೆಕೆಂಡಿಗೆ ಎಷ್ಟು ಸಲ ಏರಿಳಿಯುತ್ತದೆ ಎಂಬ ಲೆಕ್ಕ) ಏರುಪೇರು, ಹಿಮ್ಮುಖ ಪವರ್ ಇವನ್ನು ಕಾಯುವ ರಿಲೇ (ಅಳೆದು ಆಜ್ಞೆ ಕೊಡುವ ಸಾಧನ) ಮೊದಲು ಅದನ್ನು ತೆರೆಯುತ್ತದೆ. ಅದು ತೆರೆದಿದೆ ಎಂಬ ಸಿಗ್ನಲ್ ಬಂದ ಮೇಲಷ್ಟೇ ಒಳಗಿನ ವ್ಯವಸ್ಥೆ ಸ್ವಂತವಾಗಿ ನಡೆಯಲು ಶುರುಮಾಡಬೇಕು. ಆ ಸಿಗ್ನಲ್ ಬ್ರೇಕರಿನ ಸಹಾಯಕ ಕಾಂಟ್ಯಾಕ್ಟ್‌ನಿಂದಲೇ (ಬ್ರೇಕರ್ ಜೊತೆಗೇ ಚಲಿಸುವ ಸಣ್ಣ ಸ್ವಿಚ್) ಬರಬೇಕು; ‘ತೆರೆ’ ಎಂದು ಹೇಳಿದ್ದೇವೆ, ತೆರೆದಿರುತ್ತದೆ ಎಂದು ಸಾಫ್ಟ್‌ವೇರ್ ನಂಬಿಕೊಂಡರೆ ಸಾಲದು. ಅದರ ಪಕ್ಕದಲ್ಲಿ ಬ್ಲೇಡ್ ಕಣ್ಣಿಗೆ ಕಾಣುವಂಥ, ಬೀಗ ಹಾಕಬಹುದಾದ ಐಸೊಲೇಟರ್ (ಲೈನ್ ಕಡಿಯುವ ಕೈಸ್ವಿಚ್) ಒಂದು ಇರಲಿ. ಬೀಗದ ಕೈ ಕೆಲಸಕ್ಕೆ ಬಂದ ಲೈನ್‌ಮನ್ ಜೇಬಿಗೆ ಹೋಗಬೇಕು.

ಒಂಟಿಯಾದಾಗ ತಾಳ ಯಾರದು?

ಕಳಚಿಕೊಂಡ ಮೇಲೆ ಒಳಗೆ ಯಾರಾದರೂ ವೋಲ್ಟೇಜ್, ಫ್ರೀಕ್ವೆನ್ಸಿ ಎರಡನ್ನೂ ಹುಟ್ಟಿಸಬೇಕು. ಆ ಕೆಲಸ ಮಾಡುವುದು ಗ್ರಿಡ್ ರೂಪಿಸುವ ಇನ್ವರ್ಟರ್. ನಿಮ್ಮಲ್ಲಿ ಅದು ಬ್ಯಾಟರಿಗೆ ಹೊಂದಿಕೊಂಡ 30 ಕೆವಿಎ ಯಂತ್ರ. ‘ಹೈಬ್ರಿಡ್’ ಎಂದು ಬರೆದಿದ್ದ ಮಾತ್ರಕ್ಕೆ ಈ ಶಕ್ತಿ ಇದೆ ಎನ್ನುವಂತಿಲ್ಲ. ಗ್ರಿಡ್ ಇಲ್ಲದೆ ಮೂರು ಫೇಸ್ ರೂಪಿಸುತ್ತದೆಯೇ, ಒಂದು ಫೇಸ್‌ಗೆ ಎಷ್ಟು ಕೊಡುತ್ತದೆ ಎಂದು ಬರವಣಿಗೆಯಲ್ಲಿ ಕೇಳಿ. 30 ಕೆವಿಎ ಎಂದರೆ ಫೇಸ್‌ಗೆ 10 ಕೆವಿಎ. ಒಂದೇ ಫೇಸ್‌ನಲ್ಲಿ 12 ಕಿಲೋವ್ಯಾಟ್ ಸೇರಿಕೊಂಡರೆ ಉಳಿದೆರಡು ಫೇಸ್ ಖಾಲಿ ಇದ್ದರೂ ಓವರ್‌ಲೋಡ್ ಎಂದು ಇಡೀ ಯಂತ್ರ ಕೂರುತ್ತದೆ.

ಇಡೀ ಸಮುಚ್ಚಯ ನಡೆಸುವ ಮಾತಿಗೆ ಬರೋಣ. ಸಂಜೆ ನಿಮ್ಮ ಲೋಡ್ 45 ಕಿಲೋವ್ಯಾಟ್ ಆಗುತ್ತದೆ ಎಂದಿಟ್ಟುಕೊಳ್ಳಿ. 30 ಕೆವಿಎ ಯಂತ್ರ ಅದನ್ನು ಒಂದು ಗಳಿಗೆಯೂ ಹೊರುವುದಿಲ್ಲ. ಹೊತ್ತರೂ 60 ಕಿಲೋವ್ಯಾಟ್ ಅವರ್ ಬ್ಯಾಟರಿಯಲ್ಲಿ ನೆಚ್ಚಿ ಬಳಸಬಹುದಾದ್ದು ಸುಮಾರು 50; ಒಂದು ಗಂಟೆ ಚಿಲ್ಲರೆಯಲ್ಲಿ ಖಾಲಿ. ಅದೇ ಬ್ಯಾಟರಿಗೆ ಲಿಫ್ಟ್, ಮೆಟ್ಟಿಲ ದೀಪ, ನೀರಿನ ಪಂಪ್, ಪ್ರತಿ ಮನೆಗೂ ಒಂದು ದೀಪ-ಫ್ಯಾನ್ ಸರ್ಕ್ಯೂಟ್ ಇಷ್ಟನ್ನೇ ಕೊಟ್ಟರೆ, ಸರಾಸರಿ 8 ಕಿಲೋವ್ಯಾಟ್ ಲೆಕ್ಕದಲ್ಲಿ ಆರು ಗಂಟೆ ಸಲೀಸು. ಲೋಡ್ ವಿಂಗಡಣೆ ಎಂದರೆ ಬಡತನವಲ್ಲ. ಜಪಾನಿನ ಸೆಂಡೈಯಲ್ಲಿದ್ದ ಮೈಕ್ರೋಗ್ರಿಡ್ 2011ರ ಭೂಕಂಪದ ನಂತರವೂ ಆಸ್ಪತ್ರೆಗೆ ವಿದ್ಯುತ್ ಕೊಟ್ಟಿದ್ದನ್ನು ಎಲ್ಲರೂ ಉದಾಹರಿಸುತ್ತಾರೆ. ಅಲ್ಲಿ ಯಾವ ಲೋಡ್ ಯಾವ ದರ್ಜೆಯದು ಎಂದು ಮೊದಲೇ ಬೇರೆ ಬೇರೆ ಲೈನ್ ಎಳೆದಿದ್ದರು ಎಂಬುದನ್ನು ಹೇಳುವವರು ಕಡಿಮೆ.

ಪಂಪ್ ಕಡೆ ಒಮ್ಮೆ ನೋಡಿ. 5 ಎಚ್‌ಪಿ ಮೂರು ಫೇಸ್ ಮೋಟರ್ ಓಡುವಾಗ ಎಳೆಯುವುದು 7.5 ಆಂಪಿಯರ್ ಆಸುಪಾಸು. ನೇರ ಸ್ಟಾರ್ಟರ್‌ನಲ್ಲಿ ಹೊರಡುವಾಗ ಅದರ ಆರು ಪಟ್ಟು, ಅಂದರೆ 45 ಆಂಪಿಯರ್. ನಿಮ್ಮ ಇನ್ವರ್ಟರಿನ ಪೂರ್ಣ ಸಾಮರ್ಥ್ಯವೇ ಫೇಸ್‌ಗೆ 43 ಆಂಪಿಯರ್ ಚಿಲ್ಲರೆ. ಒಂದು ಪಂಪ್ ಹೊರಟ ಒಂದೆರಡು ಸೆಕೆಂಡು ಇಡೀ ಯಂತ್ರವೇ ಅದಕ್ಕೆ ಮೀಸಲು. ಆಗಲೇ ಲಿಫ್ಟ್ ಕೂಡ ಹೊರಟರೆ ಕತ್ತಲೆ. ದೊಡ್ಡ ಇನ್ವರ್ಟರ್ ಕೊಳ್ಳುವುದಕ್ಕಿಂತ ಪಂಪಿಗೆ ವಿಎಫ್‌ಡಿ (ಮೋಟರನ್ನು ಮೆಲ್ಲಗೆ ವೇಗಕ್ಕೆ ತರುವ ಸಾಧನ) ಹಾಕಿಸುವುದು ಜಾಣತನ. ಆಗ ಹೊರಡುವ ಎಳೆತ ಓಡುವ ಎಳೆತವನ್ನು ಮೀರುವುದಿಲ್ಲ.

ಈಗ ಎಲ್ಲಕ್ಕಿಂತ ಹೆಚ್ಚು ತಪ್ಪಾಗುವ ಜಾಗ: ಬ್ಯಾಟರಿ ತುಂಬಿದ ಮಧ್ಯಾಹ್ನ. ಗ್ರಿಡ್ ಇಲ್ಲ, ಸೋಲಾರ್ 18 ಕಿಲೋವ್ಯಾಟ್ ಕೊಡುತ್ತಿದೆ, ಲೋಡ್ 10. ಉಳಿದ 8 ಕಿಲೋವ್ಯಾಟ್ ಹೋಗುವುದೆಲ್ಲಿಗೆ? ಗ್ರಿಡ್ ಇದ್ದಾಗ ಅದು ನುಂಗಿಕೊಳ್ಳುತ್ತಿತ್ತು. ಈಗ ಬ್ಯಾಟರಿ ಇನ್ವರ್ಟರ್ ತನ್ನ ಫ್ರೀಕ್ವೆನ್ಸಿಯನ್ನು ಬೇಕೆಂದೇ ಮೇಲಕ್ಕೆ ಎತ್ತುತ್ತದೆ: 50.2, 50.6, 51 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಸಲ). ಇದು ಸೋಲಾರ್ ಇನ್ವರ್ಟರಿಗೆ ‘ಸಾಕು, ತಗ್ಗಿಸು’ ಎಂಬ ಸನ್ನೆ. ತಂತಿ ಬೇಡ, ಇಂಟರ್ನೆಟ್ ಬೇಡ, ಅಲೆಯೇ ಸಂದೇಶ. ಹೊಂದಿಕೆ ಸರಿಯಿದ್ದರೆ ಸೋಲಾರ್ ಮೆಲ್ಲಗೆ 10 ಕಿಲೋವ್ಯಾಟ್‌ಗೆ ಇಳಿದು ನಿಲ್ಲುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಸೋಲಾರ್ ಇನ್ವರ್ಟರಿನಲ್ಲಿ ಈ ಇಳಿಸುವ ಸೆಟ್ಟಿಂಗ್ ಆನ್ ಮಾಡದೆ, 50.5 ದಾಟಿದರೆ ಟ್ರಿಪ್ ಎಂದು ಬಿಟ್ಟಿದ್ದರೆ ಇನ್ನೊಂದು ಆಟ ಶುರು: ಸೋಲಾರ್ ಬೀಳುತ್ತದೆ, ಐದು ನಿಮಿಷ ಕಾದು ಏಳುತ್ತದೆ, ಮತ್ತೆ ಬೀಳುತ್ತದೆ. ‘ಇನ್ವರ್ಟರ್ ಕೆಟ್ಟಿದೆ’ ಎಂದು ಬರುವ ದೂರುಗಳಲ್ಲಿ ಹಲವು ಬರೀ ಈ ಸೆಟ್ಟಿಂಗ್ ದೂರುಗಳು.

ಇಲ್ಲಿ ಇನ್ನೂ ಒಂದು ಮಿತಿಯಿದೆ. ಒಂದು ದೊಡ್ಡ ಲೋಡ್ ತಟ್ಟನೆ ನಿಂತರೆ, ಸೋಲಾರ್ ತಗ್ಗುವ ಆ ಅರೆಕ್ಷಣ ಹೆಚ್ಚುವರಿ ಪವರ್ ಅಷ್ಟೂ ಬ್ಯಾಟರಿ ಇನ್ವರ್ಟರಿನೊಳಗೆ ಹಿಮ್ಮುಖವಾಗಿ ನುಗ್ಗುತ್ತದೆ. ಆದ್ದರಿಂದ ದ್ವೀಪದೊಳಗಿನ (ಗ್ರಿಡ್‌ನಿಂದ ಕಳಚಿಕೊಂಡು ನಡೆಯುವ ಭಾಗದೊಳಗಿನ) ಸೋಲಾರ್ ಬ್ಯಾಟರಿ ಇನ್ವರ್ಟರಿನ ಸಾಮರ್ಥ್ಯವನ್ನು ಮೀರಬಾರದು ಎಂಬುದು ಅನುಭವದ ನಿಯಮ. ನಿಮ್ಮ 40ಕ್ಕೆ ಎದುರಾಗಿ ಅಲ್ಲಿರುವುದು 30. ಎರಡು ಸೋಲಾರ್ ಇನ್ವರ್ಟರ್‌ಗಳಲ್ಲಿ ಒಂದನ್ನು ಬ್ರೇಕರಿನ ಒಳಬದಿಗೆ, ಇನ್ನೊಂದನ್ನು ಗ್ರಿಡ್ ಬದಿಗೆ ಜೋಡಿಸಿ. ಹೊರಗಿನದು ಕರೆಂಟ್ ಹೋದಾಗ ಈಗಿನಂತೆಯೇ ನಿಲ್ಲಲಿ. ‘ಅರ್ಧ ಸೋಲಾರ್ ವ್ಯರ್ಥವಾಗುತ್ತದಲ್ಲ’ ಎಂದು ಸಭೆಯಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ವ್ಯರ್ಥವಾಗುವುದು ಕರೆಂಟ್ ಇಲ್ಲದ ಹೊತ್ತಿನಲ್ಲಿ ಮಾತ್ರ, ಆಗಲೂ ಅದನ್ನು ಬಳಸುವ ಲೋಡ್ ಒಳಗಿರುವುದಿಲ್ಲ.

ಜನರೇಟರ್ ಹಾಕಿದರೆ ಸೋಲಾರ್ ಏಳುತ್ತದೆ ಎಂಬ ಮಾತು

ಅರ್ಧ ನಿಜ, ಆ ಅರ್ಧವೇ ಅಪಾಯ. ಜನರೇಟರ್ ತಾಳ ಹಾಕುತ್ತದೆ, ಸೋಲಾರ್ ಏಳಲೂಬಹುದು. ಮಧ್ಯಾಹ್ನ ಲೋಡ್ 35 ಕಿಲೋವ್ಯಾಟ್, ಸೋಲಾರ್ 30 ಎಂದರೆ ಜನರೇಟರ್ ಮೇಲೆ ಉಳಿಯುವುದು 5. ನಿಮ್ಮ 60 ಕೆವಿಎ ಯಂತ್ರಕ್ಕೆ 48 ಕಿಲೋವ್ಯಾಟ್ ಪೂರ್ತಿ ಹೊರೆ. ಕನಿಷ್ಠ 30 ಪ್ರತಿಶತ, ಅಂದರೆ 14-15 ಕಿಲೋವ್ಯಾಟ್ ಇಲ್ಲದೆ ಗಂಟೆಗಟ್ಟಲೆ ಓಡಿಸಿದರೆ ಸಿಲಿಂಡರ್ ಕಾಯುವುದಿಲ್ಲ, ಡೀಸೆಲ್ ಪೂರ್ತಿ ಉರಿಯುವುದಿಲ್ಲ, ಸೈಲೆನ್ಸರಿನಿಂದ ಕಪ್ಪು ಜಿಡ್ಡು ಸೋರುತ್ತದೆ. ಮೋಡ ಸರಿದು ಸೋಲಾರ್ ಲೋಡನ್ನೂ ಮೀರಿದರೆ ಇನ್ನೂ ಕೆಡುಕು: ಹೆಚ್ಚುವರಿ ಪವರ್ ಜನರೇಟರನ್ನೇ ಮೋಟರಿನಂತೆ ತಿರುಗಿಸಲು ತೊಡಗುತ್ತದೆ. ಹಿಮ್ಮುಖ ಪವರ್ ರಿಲೇ ಇದ್ದರೆ ಬ್ರೇಕರ್ ಬೀಳುತ್ತದೆ, ಇಲ್ಲದಿದ್ದರೆ ಎಂಜಿನ್ ವೇಗ ಕೈಮೀರುತ್ತದೆ. ಜನರೇಟರ್ ಮೇಲೆ ಸದಾ 15 ಕಿಲೋವ್ಯಾಟ್ ಉಳಿಯುವಂತೆ ಸೋಲಾರನ್ನು ಕ್ಷಣಕ್ಷಣ ತಗ್ಗಿಸುವ ಕಂಟ್ರೋಲರ್ ಸಿಗುತ್ತದೆ. ಅದನ್ನು ಹಾಕಿದರೆ ಈ ದಾರಿ ತಪ್ಪಲ್ಲ, ಅಗ್ಗವೂ ಹೌದು. ಡೀಸೆಲ್ ಖರ್ಚು ತಗ್ಗುತ್ತದೆ, ಪೂರ್ತಿ ನಿಲ್ಲುವುದಿಲ್ಲ ಅಷ್ಟೇ.

ಬ್ಯಾಟರಿ ಬಂದ ಮೇಲೆ ಜನರೇಟರನ್ನು ಬೇರೆ ರೀತಿ ದುಡಿಸಿಕೊಳ್ಳಬೇಕು. ಬ್ಯಾಟರಿ ಕೆಳಗಿಳಿದಾಗ ಅದನ್ನು 60-80 ಪ್ರತಿಶತ ಹೊರೆಯಲ್ಲಿ ಒಂದೆರಡು ಗಂಟೆ ಓಡಿಸಿ, ಲೋಡನ್ನೂ ನಡೆಸಿ ಬ್ಯಾಟರಿಯನ್ನೂ ತುಂಬಿ, ಮತ್ತೆ ನಿಲ್ಲಿಸುವುದು. ಎರಡೂ ಒಟ್ಟಿಗೆ ತಾಳ ಹಾಕುವ ವ್ಯವಸ್ಥೆ ಬೇಕಾದರೆ ಡ್ರೂಪ್ ಎಂಬ ವಿಧಾನವಿದೆ. ಹೊರೆ ಏರಿದಂತೆ ಪ್ರತಿ ಯಂತ್ರವೂ ಫ್ರೀಕ್ವೆನ್ಸಿಯನ್ನು ತುಸು ಬಿಟ್ಟುಕೊಡುತ್ತದೆ. ಎರಡಕ್ಕೂ 2 ಪ್ರತಿಶತ ಡ್ರೂಪ್ ಇಟ್ಟರೆ ಖಾಲಿಯಿಂದ ಪೂರ್ತಿ ಹೊರೆಗೆ 1 ಹರ್ಟ್ಸ್ ಇಳಿಕೆ. ಫ್ರೀಕ್ವೆನ್ಸಿ ಇಬ್ಬರಿಗೂ ಒಂದೇ ಆದ್ದರಿಂದ 30 ಮತ್ತು 60 ಕೆವಿಎ ಯಂತ್ರಗಳು 45 ಕಿಲೋವ್ಯಾಟನ್ನು 15, 30 ಎಂದು ತಾವೇ ಹಂಚಿಕೊಳ್ಳುತ್ತವೆ, ಪರಸ್ಪರ ಮಾತಾಡದೆ. ನೋಡಲು ಚೆಂದ. ಆದರೆ ಹಳೆಯ ಎಂಜಿನ್ನಿನ ಗವರ್ನರ್ (ವೇಗವನ್ನು ಹಿಡಿದಿಡುವ ಭಾಗ) ಅಲ್ಲಾಡುತ್ತಿದ್ದರೆ ಇದರ ಗೋಜಿಗೆ ಹೋಗದಿರುವುದೇ ಮೇಲು. ಜನರೇಟರ್ ತಾಳ ಹಾಕಲಿ, ಬ್ಯಾಟರಿ ಹಿಂಬಾಲಿಸಲಿ.

ಎಂಸಿಬಿ ಬೀಳುತ್ತದೆಯೇ ಎಂದು ಯಾರೂ ಕೇಳುವುದಿಲ್ಲ

ನಿಮ್ಮ ಪತ್ರದಲ್ಲೂ ಈ ಪ್ರಶ್ನೆ ಇಲ್ಲ, ನಾನೇ ಎತ್ತುತ್ತೇನೆ. ಗ್ರಿಡ್ ಇರುವಾಗ ಶಾರ್ಟ್ ಆದರೆ ಸಾವಿರಾರು ಆಂಪಿಯರ್ ನುಗ್ಗುತ್ತದೆ, ಎಂಸಿಬಿ (ಮಿತಿ ಮೀರಿ ಕರೆಂಟ್ ಹರಿದರೆ ತಾನೇ ಕಡಿಯುವ ಸ್ವಿಚ್) ಕಣ್ಣು ಮಿಟುಕಿಸುವುದರೊಳಗೆ ಬೀಳುತ್ತದೆ. ಬ್ಯಾಟರಿ ಇನ್ವರ್ಟರ್ ತನ್ನ ಟ್ರಾನ್ಸಿಸ್ಟರ್‌ಗಳನ್ನು ಉಳಿಸಿಕೊಳ್ಳಲು ಸಾಮಾನ್ಯವಾಗಿ 1.1ರಿಂದ 1.5 ಪಟ್ಟು, ಕೆಲವು 2 ಪಟ್ಟು ಕರೆಂಟ್ ಕೊಟ್ಟು ಅಲ್ಲಿಗೇ ನಿಲ್ಲುತ್ತದೆ. ನಿಮ್ಮಲ್ಲಿ 43ರ ಒಂದೂವರೆ ಪಟ್ಟು, ಅಂದರೆ 65 ಆಂಪಿಯರ್. 32 ಆಂಪಿಯರಿನ ಸಿ ಮಾದರಿ ಎಂಸಿಬಿ ತಕ್ಷಣ ಬೀಳಲು 160ರಿಂದ 320 ಆಂಪಿಯರ್ ಬೇಕು. 65ಕ್ಕೆ ಅದು ಬೆಚ್ಚಗಾಗುತ್ತಾ ಕೂರುತ್ತದೆ. ಅಷ್ಟರಲ್ಲಿ ವೋಲ್ಟೇಜ್ ಕುಸಿದು ಇನ್ವರ್ಟರೇ ಮಲಗುತ್ತದೆ. ಒಂದು ಮನೆಯ ಇಸ್ತ್ರಿಪೆಟ್ಟಿಗೆಯ ವೈರ್ ಸುಟ್ಟರೆ ಸಮುಚ್ಚಯಕ್ಕೆಲ್ಲ ಕತ್ತಲೆ. ಇನ್ವರ್ಟರ್ ತಾನಾಗಿ ಮತ್ತೆ ಏಳುತ್ತದೆ, ದೋಷ ಹಾಗೇ ಇರುತ್ತದೆ, ಮತ್ತೆ ಮಲಗುತ್ತದೆ.

ಪರಿಹಾರವಿದೆ. ತುರ್ತು ಸರ್ಕ್ಯೂಟ್‌ಗಳನ್ನು ಸಣ್ಣದಾಗಿ ಒಡೆದು 6 ಅಥವಾ 10 ಆಂಪಿಯರಿನ ಬಿ ಮಾದರಿ ಎಂಸಿಬಿ ಹಾಕಿ. 10ರದ್ದು 50 ಆಂಪಿಯರಿಗೆ ಖಂಡಿತ ಬೀಳುತ್ತದೆ, 65 ಸಾಕು. ಮನೆಮನೆಗೂ ಆರ್‌ಸಿಸಿಬಿ (ಭೂಮಿಗೆ ಕರೆಂಟ್ ಸೋರಿದರೆ ಕಡಿಯುವ ಸ್ವಿಚ್) ಇರಲಿ. ಅದಕ್ಕೆ 30 ಮಿಲಿ ಆಂಪಿಯರ್ ಸೋರಿಕೆಯೇ ಸಾಕು, ಮೂಲ ಎಷ್ಟು ದುರ್ಬಲ ಎಂಬುದು ಮುಖ್ಯವಲ್ಲ.

ಆದರೆ ಆರ್‌ಸಿಸಿಬಿ ಕೆಲಸ ಮಾಡಲು ಕರೆಂಟ್ ಭೂಮಿಯ ಮೂಲಕ ಮೂಲಕ್ಕೆ ಮರಳುವ ದಾರಿ ಇರಬೇಕು. ಸಾಮಾನ್ಯವಾಗಿ ನ್ಯೂಟ್ರಲ್ ಮತ್ತು ಅರ್ಥ್ ಸೇರುವುದು ಹೊರಗಿನ ಟ್ರಾನ್ಸ್‌ಫಾರ್ಮರ್ ಬಳಿ. ನಾಲ್ಕು ಪೋಲ್ ಬ್ರೇಕರ್ ತೆರೆದರೆ ನ್ಯೂಟ್ರಲ್ ಕೂಡ ಕಡಿದು, ಒಳಗಿನ ನ್ಯೂಟ್ರಲ್ ತೇಲಾಡುತ್ತದೆ. ಫೇಸ್ ತಂತಿ ಫ್ರಿಜ್ ಮೈಗೆ ತಗುಲಿದರೂ ಆರ್‌ಸಿಸಿಬಿ ಸುಮ್ಮನಿರುತ್ತದೆ. ಅದಕ್ಕೇ ಬ್ರೇಕರ್ ತೆರೆದ ಕೂಡಲೇ ಒಳಗಿನ ನ್ಯೂಟ್ರಲನ್ನು ಅರ್ಥ್‌ಗೆ ಕಟ್ಟುವ, ಗ್ರಿಡ್ ಸೇರುವ ಮುನ್ನ ಬಿಚ್ಚುವ ರಿಲೇ ಬೇಕು. ಎರಡೂ ಕಡೆ ಒಟ್ಟಿಗೆ ಕಟ್ಟಿಕೊಂಡಿದ್ದರೆ ಅದೂ ತೊಂದರೆ: ನ್ಯೂಟ್ರಲ್ ಕರೆಂಟ್ ಅರ್ಥ್ ತಂತಿಯಲ್ಲೂ ಹರಿಯುತ್ತದೆ, ರಿಲೇಗಳು ಕಾರಣವಿಲ್ಲದೆ ಬೀಳುತ್ತವೆ. ಪರೀಕ್ಷೆ ಸುಲಭ. ದ್ವೀಪವಾಗಿ ನಡೆಯುವಾಗ ಮಲ್ಟಿಮೀಟರಿನಿಂದ ನ್ಯೂಟ್ರಲ್-ಅರ್ಥ್ ನಡುವೆ ಅಳೆಯಿಸಿ. ಒಂದೆರಡು ವೋಲ್ಟ್ ಸರಿ, ಹತ್ತಾರು ವೋಲ್ಟ್ ಬಂದರೆ ಕಟ್ಟು ಕೂತಿಲ್ಲ. ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿ ತೋರಿಸಿದರೆ ಒಪ್ಪಬೇಡಿ. ಆ ಬಟನ್ ಅರ್ಥ್ ಇಲ್ಲದಿದ್ದರೂ ಬೀಳಿಸುತ್ತದೆ. ಫೇಸ್-ಅರ್ಥ್ ನಡುವೆ ಹಾಕುವ ಟೆಸ್ಟರಿನಿಂದಲೇ ಬೀಳಿಸಿ ತೋರಿಸಲಿ.

ಮತ್ತೆ ಸೇರುವುದು

ನಿಮ್ಮ ಡಿಕ್ಕಿಯ ಭಯ ಸರಿಯಾದದ್ದೇ. ಎರಡು ಅಲೆಗಳು ತದ್ವಿರುದ್ಧ ಇರುವಾಗ ಬ್ರೇಕರ್ ಮುಚ್ಚಿದರೆ ಅದರ ಎರಡು ತುದಿಗಳ ನಡುವೆ ದುಪ್ಪಟ್ಟು ವೋಲ್ಟೇಜ್. ಇನ್ವರ್ಟರ್ ಸುಡಬಹುದು, ಜನರೇಟರ್ ಸೇರಿದ್ದರೆ ಶಾಫ್ಟಿನ ಕಪ್ಲಿಂಗ್ ಮುರಿಯಬಹುದು. ಆದ್ದರಿಂದ ಮೂರು ಹೊಂದಬೇಕು. 500 ಕೆವಿಎವರೆಗಿನ ವ್ಯವಸ್ಥೆಗೆ ಐಇಇಇ 1547 ಇಟ್ಟ ಗಡಿ: ಫ್ರೀಕ್ವೆನ್ಸಿ ವ್ಯತ್ಯಾಸ 0.3 ಹರ್ಟ್ಸ್, ವೋಲ್ಟೇಜ್ 10 ಪ್ರತಿಶತ, ಫೇಸ್ ಕೋನ (ಎರಡು ಅಲೆಗಳ ಹೆಜ್ಜೆಯ ಅಂತರ) 20 ಡಿಗ್ರಿ. ಹೊರಗಿನ ಗ್ರಿಡ್ ಬಂದು ಐದು ನಿಮಿಷ ಸ್ಥಿರವಾಗಿದ್ದ ಮೇಲೆ ಕಂಟ್ರೋಲರ್ ಒಳಗಿನ ಫ್ರೀಕ್ವೆನ್ಸಿಯನ್ನು ಹೊರಗಿನದಕ್ಕೆ ಹತ್ತಿರ ತರುತ್ತದೆ. 0.1 ಹರ್ಟ್ಸ್ ವ್ಯತ್ಯಾಸ ಉಳಿದಿದೆ ಎನ್ನಿ. ಆ ಕೋನ ತೋರಿಸುವ ಸಿಂಕ್ರೊಸ್ಕೋಪ್ ಮೀಟರಿನ ಮುಳ್ಳು ಹತ್ತು ಸೆಕೆಂಡಿಗೆ ಒಂದು ಸುತ್ತು ತಿರುಗುತ್ತದೆ, ಸೆಕೆಂಡಿಗೆ 36 ಡಿಗ್ರಿ. ಬ್ರೇಕರ್ ಮುಚ್ಚಲು 60 ಮಿಲಿಸೆಕೆಂಡ್ ತೆಗೆದುಕೊಂಡರೆ ಅಷ್ಟರಲ್ಲಿ ಮುಳ್ಳು 2 ಡಿಗ್ರಿ ಮುಂದೆ. ಚಿಂತೆಯಿಲ್ಲ. ವ್ಯತ್ಯಾಸ 0.3 ಇದ್ದರೆ ಅದೇ 60 ಮಿಲಿಸೆಕೆಂಡಿನಲ್ಲಿ 6.5 ಡಿಗ್ರಿ ಜಾರುತ್ತದೆ. ಅದನ್ನು ಲೆಕ್ಕಕ್ಕೆ ಹಿಡಿದು ಮುಳ್ಳು ಹನ್ನೆರಡರ ಗುರುತಿಗೆ ಬರುವ ಸ್ವಲ್ಪ ಮುಂಚೆಯೇ ಆಜ್ಞೆ ಕೊಡಬೇಕು. ಈ ಕಾವಲು ಸಿಂಕ್ ಚೆಕ್ ರಿಲೇಯದು.

ಆ ರಿಲೇಗೂ ಕಾಣದ ತಪ್ಪೊಂದಿದೆ. ಅದು ನೋಡುವುದು ಸಾಮಾನ್ಯವಾಗಿ ಒಂದೇ ಫೇಸ್ ಅಥವಾ ಒಂದು ಜೋಡಿ. ಕೇಬಲ್ ಜೋಡಿಸುವಾಗ ಉಳಿದೆರಡು ಫೇಸ್ ಅದಲು ಬದಲಾಗಿದ್ದರೆ ರಿಲೇ ‘ಸರಿ’ ಎನ್ನುತ್ತದೆ, ಬ್ರೇಕರ್ ಸಿಡಿಯುತ್ತದೆ. ಮೊದಲ ಸಲ ಸೇರಿಸುವ ಮುನ್ನ ತೆರೆದ ಬ್ರೇಕರಿನ ಎರಡೂ ಬದಿಯ ಒಂದೇ ಹೆಸರಿನ ಫೇಸ್‌ಗಳ ನಡುವೆ ಅಳೆಯಬೇಕು. ಮೂರರಲ್ಲೂ ವೋಲ್ಟೇಜ್ ಏಕಕಾಲಕ್ಕೆ ಸೊನ್ನೆಯ ಹತ್ತಿರ ಬರಬೇಕು.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ಅಭಿಪ್ರಾಯ: ನಿಮಗೆ ಈ ಸಿಂಕ್ರೊನೈಸಿಂಗ್ ಬೇಡ. ಗ್ರಿಡ್ ಮರಳಿದಾಗ ಒಳಗಿನ ಲೋಡನ್ನು ಎರಡು ಸೆಕೆಂಡು ಪೂರ್ತಿ ಬಿಟ್ಟು, ಆಮೇಲೆ ಗ್ರಿಡ್‌ಗೆ ಕಟ್ಟುವ ವ್ಯವಸ್ಥೆ ಸಾಕು. ದೀಪ ಒಮ್ಮೆ ಕಣ್ಣು ಮುಚ್ಚಿ ತೆರೆಯುತ್ತದೆ. ಆ ಎರಡು ಸೆಕೆಂಡನ್ನು ಮಾತ್ರ ಕಡಿಮೆ ಮಾಡಬೇಡಿ. ಕರೆಂಟ್ ಕಡಿದ ಮೇಲೂ ತಿರುಗುತ್ತಿರುವ ಮೋಟರಿನಲ್ಲಿ ಸ್ವಲ್ಪ ಹೊತ್ತು ಅದರದೇ ವೋಲ್ಟೇಜ್ ಉಳಿದಿರುತ್ತದೆ, ಅದು ಇಳಿಯಬೇಕು. ಕರೆಂಟ್ ಹೋಗುವಾಗ ಸ್ಟ್ಯಾಟಿಕ್ ಸ್ವಿಚ್ (ಚಲಿಸುವ ಭಾಗವಿಲ್ಲದ ಎಲೆಕ್ಟ್ರಾನಿಕ್ ಸ್ವಿಚ್) ಇದ್ದರೆ 10 ಮಿಲಿಸೆಕೆಂಡಿನೊಳಗೆ ಬದಲಾಗುತ್ತದೆ, ಕಂಪ್ಯೂಟರ್ ಕೂಡ ಗಮನಿಸುವುದಿಲ್ಲ. ಮೋಟರ್ ಚಾಲಿತ ಬ್ರೇಕರ್ ಆದರೆ ಸೆಕೆಂಡಿನ ಭಾಗದಿಂದ ಹಿಡಿದು ಕೆಲವು ಸೆಕೆಂಡು. ಗುತ್ತಿಗೆದಾರರ ‘ತಿಳಿಯುವುದೇ ಇಲ್ಲ’ ಎಂಬ ಮಾತು ಯಾವ ಸ್ವಿಚ್ ಮೇಲೆ ನಿಂತಿದೆ ಎಂದು ಕೇಳಿ.

ಹಾಗಾಗಿ ನಿಮ್ಮ ಮುಂದಿರುವ ದಾರಿಗಳಲ್ಲಿ ನಾನು ಆರಿಸುವುದು ತುರ್ತು ಲೋಡ್‌ಗಳಷ್ಟರ ದ್ವೀಪ: 30 ಕೆವಿಎ, 60 ಕಿಲೋವ್ಯಾಟ್ ಅವರ್, ಒಳಗೆ 20 ಕಿಲೋವ್ಯಾಟ್ ಸೋಲಾರ್, ಜನರೇಟರ್ ಬೆನ್ನ ಹಿಂದೆ. ಬೆಲೆ ಭಾರವೆನಿಸಿದರೆ ಜನರೇಟರ್-ಸೋಲಾರ್ ಕಂಟ್ರೋಲರ್ ಒಂದನ್ನೇ ಹಾಕಿ, ಬ್ಯಾಟರಿಯನ್ನು ಮುಂದಕ್ಕೆ ಬಿಡಿ. ಇಡೀ ಸಮುಚ್ಚಯ ಬೇಕೇ ಬೇಕೆಂದರೆ ಇನ್ವರ್ಟರ್ ಸಂಜೆಯ ಗರಿಷ್ಠ ಲೋಡಿಗಿಂತ ದೊಡ್ಡದಾಗಬೇಕು, ರಕ್ಷಣಾ ವ್ಯವಸ್ಥೆಯ ಲೆಕ್ಕ ಮೊದಲಿನಿಂದ ಮಾಡಿಸಬೇಕು. 30 ಕೆವಿಎಯಲ್ಲಿ ಅದು ಆಗದ ಮಾತು. ಯಾವುದೇ ಆಗಲಿ, ಸಿಂಗಲ್ ಲೈನ್ ಡ್ರಾಯಿಂಗ್ (ಇಡೀ ಜೋಡಣೆಯ ಸರಳ ನಕ್ಷೆ) ಹಿಡಿದು ವಿತರಣಾ ಕಂಪನಿಯ ಒಪ್ಪಿಗೆ ಮೊದಲು, ಮುಂಗಡ ಆಮೇಲೆ.

ಕೊನೆಯ ಕಂತು ಕೊಡುವ ಮುನ್ನ ಒಂದು ದಿನ ಗೊತ್ತು ಮಾಡಿ. ಬ್ಯಾಟರಿ ನೂರಕ್ಕೆ ನೂರು ತುಂಬಿರಲಿ, ಬಿಸಿಲು ನೆತ್ತಿಯ ಮೇಲಿರಲಿ. ಎಲ್ಲರೆದುರು ಮೇನ್ ಬ್ರೇಕರ್ ಇಳಿಸಿ, ಪಂಪ್ ಹೊರಡಿಸಿ, ಐದು ನಿಮಿಷ ಬಿಟ್ಟು ಅದನ್ನು ತಟ್ಟನೆ ನಿಲ್ಲಿಸಿ. ಆಗ ಸೋಲಾರ್ ಬಿದ್ದಿತೋ ತಗ್ಗಿತೋ ಎಂದು ಇನ್ವರ್ಟರಿನ ಲಾಗ್ ತೆರೆಸಿ ನೋಡಿ.